ಒಂದೇ ಮಾಳಿಗೆ, ಮೂರು ಸೋಲಾರ್

ವಿಜಯಪುರದಲ್ಲಿ ಬಿಸಿಲಿಗೇನೂ ಬರವಿಲ್ಲ. ಬಿಸಿಲಿದೆ ಎಂಬ ಕಾರಣಕ್ಕೇ ಜನ ಸೋಲಾರ್ ಹಾಕಿಸುವುದಾದರೆ ನಮ್ಮ ಓಣಿಯ ಒಂದು ಮಾಳಿಗೆಯೂ ಖಾಲಿ ಇರಬಾರದಿತ್ತು. ಹದಿಮೂರು ವರ್ಷಗಳಲ್ಲಿ ನಾವು ಮೂರು ಬಗೆಯ ಸೋಲಾರ್ ಹಾಕಿಸಿದೆವು. ಮೂರು ಸಲವೂ ಕಾರಣ ಬೇರೆ ಬೇರೆ, ಫಲವೂ ಬೇರೆ ಬೇರೆ.

2011ರಲ್ಲಿ ಬಂದದ್ದು ನೀರು ಕಾಯಿಸುವ ಸೋಲಾರ್, 200 ಲೀಟರಿನದು. ಅದಕ್ಕೆ ಕಾರಣ ಅತ್ತೆಯವರ ಮೊಣಕಾಲು. ತೊಗರಿ ಕಟ್ಟಿಗೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸಲು ಕೂತರೆ ಅವರಿಗೆ ಏಳಲು ಆಗುತ್ತಿರಲಿಲ್ಲ. ಎದುರು ಮನೆಯ ಕಾಕು ಒಂದು ದಿನ ಅವರನ್ನು ಕರೆದೊಯ್ದು, ಕಟ್ಟಿಗೆಯಿಲ್ಲದೆ ಕಾದ ನೀರನ್ನು ತಲೆಗೆ ಹಾಕಿ ಕಳಿಸಿದರು. ಮರುದಿನದಿಂದ ಮನೆಯಲ್ಲಿ ಅದೇ ಮಾತು. ಯಾವ ಜಾಹೀರಾತೂ ಆ ಒಂದು ಚರಿಗೆ ನೀರಿನಷ್ಟು ಕೆಲಸ ಮಾಡಿರಲಾರದು.

ನಾವು ಆರಿಸಿದ್ದು ಗಾಜಿನ ಕೊಳವೆಗಳ ಬಗೆ. ಬಾಗಲಕೋಟೆಯ ನವನಗರದಲ್ಲಿರುವ ನಾದಿನಿಯ ಮನೆಯಲ್ಲಿರುವುದು ಚಪ್ಪಟೆ ಪೆಟ್ಟಿಗೆಯ ಬಗೆ. ಅವಳದು ಆಲಿಕಲ್ಲು ಬಿದ್ದರೂ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಬೋರ್‌ವೆಲ್ಲಿನ ಗಡಸು ನೀರಿಗೆ ಒಳಗಿನ ಸಣ್ಣ ತಾಮ್ರದ ನಾಳಗಳಲ್ಲಿ ಬಿಳಿ ಪದರು ಕಟ್ಟುತ್ತದೆ, ಆಗಾಗ ತೊಳೆಸಬೇಕು. ನಮ್ಮದರಲ್ಲಿ ಆ ಕಾಟ ಕಡಿಮೆ, ಒಡೆಯುವ ಭಯ ಹೆಚ್ಚು. ಒಂದು ಏಪ್ರಿಲ್‌ನಲ್ಲಿ ನಾಲ್ಕು ದಿನ ನಳದ ನೀರು ಬರಲಿಲ್ಲ, ಕೊಳವೆಗಳು ಒಣಗಿ ಕಾದವು. ಐದನೆಯ ದಿನ ಮಧ್ಯಾಹ್ನ ನೀರು ಬಂದದ್ದೇ ತಡ, ನಾನು ವಾಲ್ವ್ ತಿರುಗಿಸಿದೆ. ಮೂರು ಕೊಳವೆಗಳು ಪಟಪಟನೆ ಸಿಡಿದವು. ಟ್ಯಾಂಕ್ ಬರಿದಾಗಿದ್ದರೆ ನಸುಕಿನಲ್ಲೇ ನೀರು ಬಿಡಬೇಕೆಂದು ಕಲಿತದ್ದು ಹಾಗೆ.

2016ರಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್, ಎರಡು ಬ್ಯಾಟರಿ ಬಂದವು. ಮಗಳ ಹತ್ತನೆಯ ತರಗತಿಯ ಪರೀಕ್ಷೆ, ಮಾರ್ಚ್ ತಿಂಗಳು, ಸಂಜೆಯಾದರೆ ಕರೆಂಟ್ ಇಲ್ಲ. ಆಗ ಲೆಕ್ಕವನ್ನು ಯಾರೂ ಮಾಡಲಿಲ್ಲ, ಮಾಡಿದ್ದರೆ ಕೊಳ್ಳುತ್ತಿರಲಿಲ್ಲ. ಬೆಳಕು, ಫ್ಯಾನ್, ಟಿ.ವಿ. ನಡೆಯುತ್ತವೆ, ನೀರಿನ ಮೋಟಾರು ನಡೆಯುವುದಿಲ್ಲ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆಯುತ್ತಾ ಐದನೆಯ ವರ್ಷಕ್ಕೆ ಎರಡನ್ನೂ ಕೊಂದೆವು. ಬಿಲ್ಲಿನಲ್ಲಿ ಉಳಿದದ್ದು ಹೊಸ ಬ್ಯಾಟರಿಗೇ ಹೋಯಿತು. ಆದರೂ ಮೇ ತಿಂಗಳ ನಡುರಾತ್ರಿ ಓಣಿಯೆಲ್ಲ ಬೀಸಣಿಗೆ ಬೀಸುತ್ತಿದ್ದಾಗ ನಮ್ಮ ಫ್ಯಾನ್ ತಿರುಗುತ್ತಿತ್ತು, ಆ ಸುಖಕ್ಕೆ ಬೆಲೆ ಕಟ್ಟಲಾರೆ.

ಮೂರನೆಯದು ಬ್ಯಾಟರಿಯಿಲ್ಲದೆ ನೇರ ಕರೆಂಟ್ ಲೈನಿಗೆ ಸೇರುವ ಬಗೆ, ಅದು ಶುದ್ಧ ಲೆಕ್ಕಾಚಾರ. 2023ರಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆ ಬಂತು. ಮೇಲಿನ ಬಾಡಿಗೆ ಮನೆಯವರಿಗೆ ಶೂನ್ಯ ಬಿಲ್. ಎ.ಸಿ. ಹಾಕಿಸಿದ ನಾವು ಬೇಸಿಗೆಯಲ್ಲಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿದ್ದೆವು. 2024ರ ಫೆಬ್ರುವರಿಯಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಬಂದಾಗ ನಮ್ಮವರು ಪೆನ್ಸಿಲ್ ಹಿಡಿದರು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಹಾಗಾಗಿ ಮೂರಕ್ಕೇ ನಿಂತೆವು. ಮೇಲಿನ ಮನೆಯವರನ್ನೂ ಕೇಳಿದೆ. "ಸೊನ್ನೆಯಲ್ಲಿ ಇನ್ನೇನು ಕಳೆಯುವುದು ಅಕ್ಕಾ?" ಎಂದು ನಕ್ಕರು. ಅವರ ಮಾತು ಸರಿಯಾಗಿಯೇ ಇತ್ತು.

ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಹದಿಮೂರು ಯೂನಿಟ್ ಬರುತ್ತದೆ, ಶ್ರಾವಣದ ಮೋಡದಲ್ಲಿ ಏಳಕ್ಕೂ ಇಳಿಯುತ್ತದೆ. ಬಿಸಿಲು ಸುಟ್ಟಷ್ಟೂ ಹೆಚ್ಚು ಬರುತ್ತದೆಂದು ತಿಳಿದಿದ್ದೆ. ಆದರೆ ಪ್ಯಾನೆಲ್ ಕಾದಷ್ಟೂ ಅದರ ಕಸುವು ಕುಂದುತ್ತದೆಯಂತೆ. ಹದಿನೈದು ದಿನಕ್ಕೊಮ್ಮೆ ಧೂಳು ಒರೆಸುತ್ತೇವೆ. ಉಳಿದ ವಿದ್ಯುತ್ ಎರಡೂ ಕಡೆ ಎಣಿಸುವ ಮೀಟರಿನ ಮೂಲಕ ಹೊರಗೆ ಹೋಗುತ್ತದೆ. ಬಿಲ್ ಪೂರ್ತಿ ಹೋಗಿಲ್ಲ, ನಿಗದಿತ ಶುಲ್ಕ ಕಟ್ಟಲೇಬೇಕು. ಮಾಳಿಗೆಯಲ್ಲಿ ಸಂಡಿಗೆ ಒಣಗಿಸಲು ಒಂದು ಮೂಲೆಯಷ್ಟೇ ಉಳಿದಿದೆ ಎಂಬ ಸಿಟ್ಟು ಅತ್ತೆಯವರಿಗೆ ಇನ್ನೂ ಇದೆ.

ನನ್ನ ಸಿಟ್ಟು ಬೇರೆ. ಹಾಕಿಸಿದ ಎರಡನೆಯ ವಾರ, ಮಟಮಟ ಮಧ್ಯಾಹ್ನ, ಕರೆಂಟ್ ಹೋಯಿತು; ಸೋಲಾರೂ ನಿಂತಿತು. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ವಿದ್ಯುತ್ ತಗುಲದಿರಲೆಂದು ಅದು ತಾನಾಗಿ ನಿಲ್ಲುತ್ತದೆ, ಅದು ಸರಿ. ಆದರೆ ಮಾರಿದವರು ಈ ವಿಷಯಕ್ಕೆ ಬಾಯಿ ಬಿಟ್ಟಿರಲಿಲ್ಲ.

ಯಾರಾದರೂ ಕೇಳಿದರೆ, ಮೊದಲು ನೀರಿನದನ್ನು ಹಾಕಿಸಿ ಎನ್ನುತ್ತೇನೆ. ಬಿಲ್ 200 ಯೂನಿಟ್‌ನೊಳಗಿದ್ದರೆ ಮೂರನೆಯದಕ್ಕೆ ಆತುರಪಡಬೇಡಿ. ನಮ್ಮ ಎರಡನೆಯ ಜೋಡಿ ಬ್ಯಾಟರಿಯೂ ಈಗ ಸೊರಗಿದೆ. ಈ ಸಲ ಹೊಸ ಬ್ಯಾಟರಿ ಮಾತ್ರ ತರುತ್ತೇವೆ, ಗೋಡೆಯ ಕರೆಂಟಿನಲ್ಲೇ ಚಾರ್ಜ್ ಆಗಲಿ. ಹಳೆಯ ಪ್ಯಾನೆಲ್‌ಗಳನ್ನು ಇಳಿಸಿದರೆ ಸಂಡಿಗೆಗೆ ಇನ್ನೊಂದಿಷ್ಟು ಜಾಗವಾಗುತ್ತದೆ.