ವಾಟ್ಸಾಪ್ ಗ್ರೂಪ್, ನೋಟಿಸ್ ಬುಕ್, ದುಡ್ಡು ಕೊಟ್ಟು ತಗೊಂಡ ಆ್ಯಪ್, ಒಂದು ಹಾಳೆ: ಗಡಿಬಿಡಿಯ ವಾರದಲ್ಲಿ ಸ್ಟಾಫ್‌ಗೆ ವಿಷಯ ಮುಟ್ಟಿಸಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಾಳೆಗೆ. ಒಂದೇ ಒಂದು ಎ4 ಹಾಳೆ, ಇಡೀ ವಾರದ ಪಟ್ಟಿ ಬರೆದು ಶಾಲೆಯ ಸ್ಟಾಫ್ ರೂಮಿನ ಬೋರ್ಡಿಗೆ ಅಂಟಿಸಿದ್ದು, ಬದಲಾವಣೆ ಬಂದರೆ ಕೆಂಪು ಪೆನ್ನಿನಲ್ಲಿ ತಿದ್ದಿದ್ದು. ಇಷ್ಟಕ್ಕೆ ಬಂದು ನಿಲ್ಲುವ ಮುಂಚೆ ಬೇರೆ ಎಲ್ಲವನ್ನೂ ಒಂದು ಸುತ್ತು ನೋಡಿದೆ. ಅದರಲ್ಲಿ ಒಂದಕ್ಕೆ ಒಂದು ವರ್ಷದ ದುಡ್ಡು ಮುಂಗಡ ಕಟ್ಟಿದ್ದೆ, ಅದು ಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಟೀಚರ್‌ಗಳು, ಆಫೀಸಿನವರು, ಅಟೆಂಡರ್‌ಗಳು, ಡ್ರೈವರ್‌ಗಳು ಎಲ್ಲ ಸೇರಿ 38 ಜನ. ನಿಮ್ಮದು ಇದರ ಮೂರು ಪಟ್ಟು ದೊಡ್ಡದಿದ್ದರೆ ಲೆಕ್ಕ ಬೇರೆ ಆಗಬಹುದು.

ಸಾಮಾನ್ಯ ವಾರದಲ್ಲಿ ಯಾವುದಾದರೂ ನಡೆಯುತ್ತದೆ. ಟೈಮ್ ಟೇಬಲ್ ತಾನೇ ಎಲ್ಲರನ್ನೂ ನಡೆಸಿಕೊಂಡು ಹೋಗುತ್ತದೆ. ಪರೀಕ್ಷೆ, ಪೋಷಕರ ಸಭೆ, ಕ್ರೀಡಾಕೂಟದ ರಿಹರ್ಸಲ್ ಮೂರೂ ಒಂದೇ ವಾರಕ್ಕೆ ಬಂದು ಬಿದ್ದಾಗ, ಜೊತೆಗೆ ಇಬ್ಬರು ರಜೆ ಹಾಕಿದಾಗ ನಿಜವಾದ ಪರೀಕ್ಷೆ ನಮಗೇ ಶುರುವಾಗುತ್ತದೆ. ಆಗ ಒಬ್ಬ ಟೀಚರ್‌ಗೆ ಗೊತ್ತಿರಬೇಕಾದದ್ದು ನಾಲ್ಕೇ ವಿಷಯ. ನಾನು ಎಷ್ಟು ಹೊತ್ತಿಗೆ ಎಲ್ಲಿರಬೇಕು. ಯಾರು ಬಂದಿಲ್ಲ, ಅವರ ಪಿರಿಯಡ್ ನನಗೆ ಬಿದ್ದಿದೆಯಾ. ಏನನ್ನು ಯಾವಾಗ ಆಫೀಸಿಗೆ ಕೊಡಬೇಕು. ನಿನ್ನೆ ಹೇಳಿದ್ದರಲ್ಲಿ ಇವತ್ತು ಬದಲಾದದ್ದು ಏನು. ಮೊದಲ ಮೂರನ್ನು ಯಾವ ದಾರಿಯಲ್ಲಾದರೂ ಹೇಳಬಹುದು. ನಾಲ್ಕನೆಯದರಲ್ಲೇ ಎಲ್ಲವೂ ಎಡವುತ್ತವೆ.

ವಾಟ್ಸಾಪ್ ಗ್ರೂಪ್‌ನಿಂದ ಶುರು ಮಾಡುತ್ತೇನೆ, ಯಾಕಂದ್ರೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ದುಡ್ಡಿಲ್ಲ, ಕಲಿಸಬೇಕಾಗಿಲ್ಲ, ಎಲ್ಲರ ಫೋನಿನಲ್ಲೂ ಆಗಲೇ ಇದೆ. ನಾನೂ ಎರಡು ವರ್ಷ ಅದರಲ್ಲೇ ನಡೆಸಿದೆ. ಒಂದು ಬುಧವಾರ ಬೆಳಿಗ್ಗೆ ನನ್ನ ಮನಸ್ಸು ಬದಲಾಯಿತು.

ಹಿಂದಿನ ರಾತ್ರಿ 9:40ಕ್ಕೆ ನಾನು ಗ್ರೂಪಿನಲ್ಲಿ ಹಾಕಿದ್ದೆ: ಮೈದಾನ ಒದ್ದೆಯಾಗಿದೆ, ನಾಳೆ ಮೂರನೇ ಪಿರಿಯಡ್‌ನ ಡ್ರಿಲ್ ಮೈದಾನದ ಬದಲು ಹಾಲ್‌ನಲ್ಲಿ, 7ನೇ ತರಗತಿಯ ಮ್ಯಾಥ್ಸ್ ಟೆಸ್ಟ್ ಐದನೇ ಪಿರಿಯಡ್‌ಗೆ. ಆಮೇಲೆ ನೆನಪಾಯಿತು, ಐದನೇ ಪಿರಿಯಡ್ ಮ್ಯಾಥ್ಸ್ ಮಿಸ್‌ಗೆ ಬೇರೆ ಡ್ಯೂಟಿ ಹಾಕಿದ್ದೇನೆ. ತಿದ್ದೋಣ ಅಂತ ನೋಡಿದರೆ ಗಂಟೆ 10:05. ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜನ್ನು ತಿದ್ದಲು 15 ನಿಮಿಷ ಮಾತ್ರ ಅವಕಾಶ. ಸರಿ, ಹೊಸ ಮೆಸೇಜ್ ಹಾಕಿದೆ: ಮೇಲಿನದನ್ನು ಬಿಡಿ, ಟೆಸ್ಟ್ ಮೊದಲಿನ ಹಾಗೆ ಮೂರನೇ ಪಿರಿಯಡ್ ಹಾಲ್‌ನಲ್ಲೇ, ಡ್ರಿಲ್ ಐದನೆಯದಕ್ಕೆ. ಆ ಎರಡು ಮೆಸೇಜ್‌ಗಳ ನಡುವೆ ಆಗಲೇ ಹತ್ತೊಂಬತ್ತು ‘ಓಕೆ ಮೇಡಂ’ ಬಂದಿದ್ದವು. ಒಂದು ಹುಟ್ಟುಹಬ್ಬದ ಶುಭಾಶಯ, ಅದಕ್ಕೆ ಬಂದ ಥ್ಯಾಂಕ್ಸ್ ಬೇರೆ.

ಮರುದಿನ ಮೂರನೇ ಬೆಲ್ ಹೊಡೆದ ಮೇಲೆ ಹಾಲ್ ಕಡೆ ಹೋದೆ. ಬಾಗಿಲ ಒಂದು ಬದಿ ಪಿ.ಟಿ. ಸರ್, ಹಿಂದೆ ನಲವತ್ತು ಮಕ್ಕಳ ಸಾಲು. ಇನ್ನೊಂದು ಬದಿ ಮ್ಯಾಥ್ಸ್ ಮಿಸ್, ಪ್ರಶ್ನೆಪತ್ರಿಕೆಯ ಕಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾರೆ, ಅವರ ಹಿಂದೆ ರಟ್ಟು, ಪೆನ್ನು ಹಿಡಿದ ಏಳನೇ ತರಗತಿ. ಮಕ್ಕಳು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದರು. ಪಿ.ಟಿ. ಸರ್ ಫೋನ್ ತೆಗೆದು ತೋರಿಸಿದರು, ಹಿಂದಿನ ರಾತ್ರಿ ಮೊದಲ ಮೆಸೇಜನ್ನೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರು. “ಮೇಡಂ, ಇದು ನೀವೇ ಹಾಕಿದ್ದು ಅಲ್ವಾ?” ಅಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆದರೆ ಅಷ್ಟು ಮಕ್ಕಳ ಎದುರು, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ ಮನುಷ್ಯನನ್ನು ತಪ್ಪು ಮಾಡಿದವರ ಹಾಗೆ ನಿಲ್ಲಿಸಿದ್ದೆನಲ್ಲ, ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಆ ಮಧ್ಯಾಹ್ನ ಕೂತು ಎರಡನೇ ಮೆಸೇಜಿನ ‘ಇನ್ಫೋ’ ತೆರೆದು ನೋಡಿದೆ. ಗ್ರೂಪಿನಲ್ಲಿ ಯಾರು ಓದಿದ್ದಾರೆ ಅಂತ ಅಲ್ಲಿ ಹೆಸರು ಸಮೇತ ಬರುತ್ತದೆ. ಒಬ್ಬೊಬ್ಬರ ಜೊತೆಗಿನ ಚಾಟ್‌ನಲ್ಲಿ ನೀಲಿ ಟಿಕ್ ಬರದ ಹಾಗೆ ಇಟ್ಟುಕೊಂಡವರದ್ದೂ ಗ್ರೂಪಿನಲ್ಲಿ ಕಾಣುತ್ತದೆ. ಓದಿದವರ ಪಟ್ಟಿಯಲ್ಲಿ ಪಿ.ಟಿ. ಸರ್ ಹೆಸರು ಇತ್ತು. ಅಂದರೆ ಆ ಮೆಸೇಜ್ ಅವರ ಸ್ಕ್ರೀನ್ ಮೇಲೆ ಹಾದು ಹೋಗಿದೆ. ಕಣ್ಣಿಗೆ ಬಿದ್ದಿದೆ, ತಲೆಗೆ ಹೋಗಿಲ್ಲ. ಇಪ್ಪತ್ತು ‘ಓಕೆ’ಗಳ ಕೆಳಗೆ ಕೂತ ಒಂದು ತಿದ್ದುಪಡಿ ಯಾರ ತಲೆಗೆ ತಾನೇ ಹೋಗುತ್ತದೆ ಹೇಳಿ?

ಹಾಗಾದರೆ 15 ನಿಮಿಷದ ಒಳಗೇ ತಿದ್ದಿದರೆ ಸರಿ ಹೋಗುತ್ತಾ? ಅದನ್ನೂ ಯೋಚಿಸಿದೆ. ತಿದ್ದಿದ ಮೆಸೇಜಿನ ಪಕ್ಕ ತಿದ್ದಲಾಗಿದೆ ಅನ್ನುವ ಒಂದು ಸಣ್ಣ ಪದ ಬರುತ್ತದೆ, ಮೊದಲು ಏನಿತ್ತು ಅನ್ನುವುದು ಓದುವವರಿಗೆ ಕಾಣಿಸುವುದಿಲ್ಲ. ಮೊದಲ ಸಲ ಓದಿ ಡೈರಿಯಲ್ಲಿ ಬರೆದುಕೊಂಡವರು ಮತ್ತೆ ಯಾಕೆ ತೆರೆದು ನೋಡುತ್ತಾರೆ? ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ, ಆಗ ರಾತ್ರಿಯೇ ಆರು ಜನ ಫೋನ್ ಮಾಡಿ “ಏನಿತ್ತು ಮೇಡಂ ಅದರಲ್ಲಿ?” ಅಂತ ಕೇಳುತ್ತಾರೆ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಬದಲಾಯಿಸಿದೆ, ‘ಓಕೆ’ಗಳ ಮಳೆ ನಿಂತಿತು, ನೆಮ್ಮದಿ. ಮುಖ್ಯವಾದದ್ದನ್ನು ಪಿನ್ ಮಾಡಿದೆ. ಅದರಿಂದ ಸ್ವಲ್ಪ ಸಹಾಯ ಆಯಿತು, ಆದರೆ ಪಿನ್ ಮಾಡುವುದು ಒಂದೊಂದು ಮೆಸೇಜನ್ನು, ಇಡೀ ವಾರವನ್ನಲ್ಲ. ವಾಟ್ಸಾಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಇರುವುದು ಮಾತಾಡೋಕೆ. ಮಾತು ಹರಿದು ಹೋಗುವಂಥದ್ದು, ವಾರದ ಪಟ್ಟಿ ಒಂದು ಕಡೆ ಕೂತಿರಬೇಕಾದದ್ದು. ನಾನು ಎರಡನ್ನೂ ಒಂದೇ ಕಡೆ ತುಂಬಿದ್ದೆ.

ನೋಟಿಸ್ ಬುಕ್ ನಮ್ಮಲ್ಲಿ ನಾನು ಬರುವ ಮುಂಚಿನಿಂದಲೂ ಇದೆ. ಅಟೆಂಡರ್ ಪುಸ್ತಕ ಹಿಡಿದು ಕ್ಲಾಸಿಂದ ಕ್ಲಾಸಿಗೆ ಹೋಗುತ್ತಾರೆ, ಟೀಚರ್ ಪಾಠ ನಿಲ್ಲಿಸಿ, ಬಾಗಿಲಲ್ಲೇ ನಿಂತು, ಒಂದು ಕಣ್ಣು ಮಕ್ಕಳ ಮೇಲೆ ಇಟ್ಟು ಸಹಿ ಹಾಕುತ್ತಾರೆ. ಓದಲು ಪುರುಸೊತ್ತು ಎಲ್ಲಿ? ಪೂರ್ತಿ ಒಂದು ಸುತ್ತು ಬರಲು ಎರಡು ಪಿರಿಯಡ್ ಬೇಕು. ಅಷ್ಟರಲ್ಲಿ ವಿಷಯವೇ ಹಳತಾಗಿರುತ್ತದೆ. ರಜೆ ನಿಯಮ, ಮಕ್ಕಳ ಸುರಕ್ಷತೆಯ ಸೂಚನೆ, ಇಂಥವಕ್ಕೆ ಸಹಿ ಬೇಕು, ಅದಕ್ಕೆ ಇದನ್ನು ಉಳಿಸಿಕೊಂಡಿದ್ದೇನೆ. ದಿನದ ಸುದ್ದಿಗೆ ಬೇಡ.

ಇಮೇಲ್: ಆಫೀಸಿನವರು ಓದುತ್ತಾರೆ, ಕ್ಲಾಸಿನಲ್ಲಿ ಇರುವವರು ಸಂಜೆ ಓದುತ್ತಾರೆ, ಡ್ರೈವರ್‌ಗಳು ಓದುವುದೇ ಇಲ್ಲ. ಅಷ್ಟೇ.

ಬೆಳಿಗ್ಗೆ ಮೊದಲ ಬೆಲ್‌ಗೆ ಮುಂಚೆ ನಿಂತುಕೊಂಡೇ ಎಂಟು ನಿಮಿಷದ ಮೀಟಿಂಗ್ ನನಗೆ ತುಂಬ ಇಷ್ಟವಾಗಿತ್ತು. ಮುಖ ನೋಡಿ ಹೇಳಬಹುದು, ಅರ್ಥವಾಗದ್ದನ್ನು ಅಲ್ಲೇ ಕೇಳುತ್ತಾರೆ. ಆದರೆ ಗೇಟ್ ಡ್ಯೂಟಿ, ವ್ಯಾನ್ ಡ್ಯೂಟಿಯವರು ಆ ಹೊತ್ತಿಗೆ ಬರುವ ಹಾಗಿಲ್ಲ. ಎಲ್ಲರಿಗಿಂತ ಮುಂಚೆ ಬಂದು ದುಡಿಯುವವರಿಗೇ ಎಲ್ಲಕ್ಕಿಂತ ಕೊನೆಗೆ ವಿಷಯ ಗೊತ್ತಾಗುತ್ತಿತ್ತು. ಇದು ಸರಿಯಲ್ಲ ಅನ್ನಿಸಿತು. ಈಗ ಸೋಮವಾರ ಮಾತ್ರ ಸೇರುತ್ತೇವೆ, ಆ ದಿನ ಗೇಟಿನಲ್ಲಿ ನಾನು ಮತ್ತು ಕ್ಲರ್ಕ್ ಸರದಿಯಲ್ಲಿ ನಿಲ್ಲುತ್ತೇವೆ.

ಇನ್ನು ದುಡ್ಡು ಕೊಟ್ಟು ತಗೊಂಡ ಆ್ಯಪ್. ಕಂಪನಿಯ ಹೆಸರು ಬೇಡ. ಡೆಮೊ ಚೆನ್ನಾಗಿತ್ತು, ಪೋಷಕರ ಭಾಗ ನಿಜಕ್ಕೂ ಚೆನ್ನಾಗಿತ್ತು. ಸ್ಟಾಫ್ ಭಾಗವನ್ನು ಮಾತ್ರ ಆಮೇಲೆ ಸೇರಿಸಿದ ಹಾಗಿತ್ತು. ಇನ್ನೊಂದು ಪಾಸ್‌ವರ್ಡ್, ನೋಟಿಸ್ ನೋಡಲು ನಾಲ್ಕು ಸಲ ಒತ್ತಬೇಕು, ಮೂರನೇ ವಾರಕ್ಕೆ ತೆರೆದು ನೋಡುತ್ತಿದ್ದವರು 38ರಲ್ಲಿ 14 ಜನ. ಉಳಿದವರು ಆ 14 ಜನರನ್ನು ಕೇಳುತ್ತಿದ್ದರು! ಸಹಾಯಕ್ಕೆ ಫೋನ್ ಮಾಡಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ ಅನ್ನುವ ಒಂದೇ ಉತ್ತರ. ಕೊಳ್ಳುವ ಮುಂಚೆ ಡೆಮೊವನ್ನು ನಾನೊಬ್ಬಳೇ ಕೂತು ನೋಡಬಾರದಿತ್ತು. ನಮ್ಮ ಅತಿ ಬ್ಯುಸಿ ಟೀಚರ್ ಒಬ್ಬರ ಕೈಗೆ ಫೋನ್ ಕೊಟ್ಟು, ಇವತ್ತು ರಜೆಯಲ್ಲಿ ಇರುವವರ ಯಾವ ಪಿರಿಯಡ್ ನಿಮಗೆ ಬಿದ್ದಿದೆ ಹುಡುಕಿ ಅಂತ ಹೇಳಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಗೂಗಲ್ ಡಾಕ್ಸ್‌ನಲ್ಲಿ ಹಂಚಿಕೊಂಡ ಪಟ್ಟಿ ನನ್ನ ಎರಡನೇ ಆಯ್ಕೆ. ದುಡ್ಡಿಲ್ಲ, ಯಾವಾಗ ಯಾರು ಏನು ಬದಲಾಯಿಸಿದರು ಅನ್ನುವ ಇತಿಹಾಸ ಉಳಿಯುತ್ತದೆ. ನಿಮ್ಮ ಸ್ಟಾಫ್ ಎಲ್ಲ ಕಂಪ್ಯೂಟರ್ ಮುಂದೆ ಕೂರುವವರಾದರೆ ಇದನ್ನೇ ಮಾಡಿ. ನಮ್ಮಲ್ಲಿ ತೊಂದರೆ ಏನಾಯಿತು ಅಂದರೆ, ತಿದ್ದಿದ್ದು ಸದ್ದಿಲ್ಲದೆ ನಡೆದುಹೋಗುತ್ತದೆ. ಬೆಳಿಗ್ಗೆ ನೋಡಿದವರು ಮಧ್ಯಾಹ್ನ ಮತ್ತೆ ನೋಡಬೇಕು ಅಂತ ಅವರಿಗೆ ಯಾರು ಹೇಳಬೇಕು? ಮತ್ತೆ ವಾಟ್ಸಾಪ್‌ಗೇ ಬಂದು ನಿಂತೆ.

ಈಗ ಹಾಳೆ. ಶುಕ್ರವಾರ ಮೂರು ಗಂಟೆಗೆ ಕೂರುತ್ತೇನೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಾಳೆಯನ್ನು ಅಡ್ಡ ಇಟ್ಟು ದಿನಕ್ಕೊಂದು ಕಾಲಂ, ಮೇಲಿಂದ ಕೆಳಗೆ ನಾಲ್ಕೇ ಸಾಲು: ಯಾರು ಇಲ್ಲ, ಎಲ್ಲಿ ಏನು, ಏನು ಕೊಡಬೇಕು, ಯಾರು ಬರುತ್ತಾರೆ. ಆಚೆ ಅಂಚಿನಲ್ಲಿ ಎರಡು ಬೆರಳಗಲ ಖಾಲಿ ಜಾಗ. ಹಿಂದಿನ ಬದಿಗೆ ಏನನ್ನೂ ಬರೆಯುವುದಿಲ್ಲ. ಒಂದು ಬದಿಯಲ್ಲಿ ಹಿಡಿಸದಿದ್ದರೆ ಆ ವಾರಕ್ಕೆ ಕೆಲಸ ಜಾಸ್ತಿ ತುಂಬಿದ್ದೇನೆ ಅಂತ ಅರ್ಥ, ಏನನ್ನಾದರೂ ಮುಂದಕ್ಕೆ ಹಾಕುತ್ತೇನೆ. ಹೀಗೆ ಎರಡು ಸಲ ಕಾಪಿ ಚೆಕಿಂಗನ್ನು, ಅಂದರೆ ಮಕ್ಕಳ ನೋಟ್ಸ್ ನೋಡುವ ಕೆಲಸವನ್ನು, ಪರೀಕ್ಷೆ ವಾರದಿಂದ ತೆಗೆದೆ.

ತಿದ್ದುವುದಕ್ಕೆ ಒಂದೇ ಕ್ರಮ. ಹಳೆಯದರ ಮೇಲೆ ಒಂದೇ ಗೆರೆ, ಕೆಳಗಿನ ಅಕ್ಷರ ಓದಲು ಬರಬೇಕು. ಪಕ್ಕದಲ್ಲಿ ಕೆಂಪಿನಲ್ಲಿ ಹೊಸದು, ಅಂಚಿನ ಖಾಲಿ ಜಾಗದಲ್ಲಿ ತಿದ್ದಿದ ಗಂಟೆ, ನನ್ನ ಸಣ್ಣ ಸಹಿ. ಬಾಗಿಲ ಹತ್ತಿರದಿಂದಲೇ ಕೆಂಪು ಕಾಣುತ್ತದೆ. ಚಾಕ್‌ಪೀಸ್ ತೆಗೆದುಕೊಳ್ಳಲು ಒಳಗೆ ಬಂದವರು ಆ ಕಡೆ ಕತ್ತು ತಿರುಗಿಸಿದರೆ ಸಾಕು. ಹಾಲ್ ಅಂತ ಇದ್ದದ್ದು ಹೊಡೆದು ಲೈಬ್ರರಿ ಅಂತ ಆಗಿದ್ದರೆ ಅದು ಸುಮ್ನೆ ಹೊಸ ಸುದ್ದಿಯಾಗಿ ಅಲ್ಲ, ಬದಲಾವಣೆಯಾಗಿಯೇ ಕಾಣಿಸುತ್ತದೆ. ನಾನು ಬೇರೆ ಎಲ್ಲೂ ಇದನ್ನು ಇಷ್ಟು ಸುಲಭವಾಗಿ ಪಡೆಯಲಿಲ್ಲ.

ಹಾಳೆಗೂ ಕೊರತೆ ಇದೆ. ಸಂಜೆ ಮೇಲೆ ಅದು ಬೀಗ ಹಾಕಿದ ಕೋಣೆಯಲ್ಲಿ ಇರುತ್ತದೆ. ವಾರಕ್ಕೆ ಎರಡು ದಿನ ಮಾತ್ರ ಬರುವ ಸಂಗೀತದ ಮಿಸ್‌ಗೆ ಕಾಣುವುದಿಲ್ಲ. ಅದಕ್ಕೆ ದಿನಾ ನಾಲ್ಕು ಗಂಟೆಗೆ ಹಾಳೆಯ ಒಂದು ಫೋಟೋ ಗ್ರೂಪಿಗೆ ಹೋಗುತ್ತದೆ, ಅಡ್ಮಿನ್ ಮಾತ್ರ ಬರೆಯುವ ಗ್ರೂಪ್, ದಿನಕ್ಕೆ ಒಂದೇ ಫೋಟೋ. ಅದರ ನಂತರ ಏನಾದರೂ ಬದಲಾದರೆ ಗ್ರೂಪಿಗೆ ಹಾಕುವುದಿಲ್ಲ, ಯಾರಿಗೆ ಬೇಕೋ ಅವರಿಗೆ ಫೋನ್ ಮಾಡುತ್ತೇನೆ. ಸಾಮಾನ್ಯವಾಗಿ ಇಬ್ಬರು, ಹೆಚ್ಚೆಂದರೆ ನಾಲ್ವರು. ಮೂವತ್ತೆಂಟು ಜನರ ರಾತ್ರಿ ಕೆಡಿಸುವುದಕ್ಕಿಂತ ನಾಲ್ಕು ಫೋನ್ ಮಾಡುವುದು ವಾಸಿ. ಓದಲು ಕಷ್ಟಪಡುವ ಇಬ್ಬರು ಅಟೆಂಡರ್‌ಗಳಿಗೆ ಕ್ಲರ್ಕ್ ಬೆಳಿಗ್ಗೆ ಅವರ ಸಾಲುಗಳನ್ನು ಬಾಯಲ್ಲೇ ಹೇಳುತ್ತಾರೆ.

ಇನ್ನೊಂದು ಎಚ್ಚರ. ಸ್ಟಾಫ್ ರೂಮಿಗೆ ಮಕ್ಕಳು ನೋಟ್ಸ್ ಇಡಲು ಬರುತ್ತಾರೆ. ಹಾಳೆಯ ಮೇಲೆ ರಜೆ ಅಂತ ಮಾತ್ರ ಬರೆಯಬೇಕು, ಯಾಕೆ ರಜೆ ಅಂತ ಬರೆಯಬಾರದು. ಮಗುವಿನ ಹೆಸರು, ಪೋಷಕರ ದೂರು ಇವಂತೂ ಬರಲೇಬಾರದು. ಅವನ್ನು ಸಂಬಂಧಪಟ್ಟವರನ್ನು ಕರೆದು ಕೂರಿಸಿಯೇ ಹೇಳಬೇಕು.

ನನ್ನ ತೀರ್ಮಾನ ನನ್ನ ಅಭ್ಯಾಸಕ್ಕೆ ಹೊಂದಿದ್ದು. ನಾನು ಅರ್ಧ ಗಂಟೆ ಮುಂಚೆ ಬರುವವಳು, ಬೋರ್ಡ್ ಮುಂದೆ ನಿಂತು ಯೋಚಿಸುವವಳು, ಕೈಬರಹ ಚೆನ್ನಾಗಿದೆ, ಮತ್ತೊಂದು ಆ್ಯಪ್‌ಗೆ ಕಟ್ಟಲು ಈ ವರ್ಷ ದುಡ್ಡಿಲ್ಲ. ಎರಡು ಕಟ್ಟಡದಲ್ಲಿ ನಡೆಯುವ ಶಾಲೆಯಾದರೆ ಹಾಳೆ ಎರಡು ಕಡೆ ಬೇಕು, ಎರಡು ಕಡೆಯೂ ತಿದ್ದಬೇಕು, ಆಗ ಗೂಗಲ್ ಡಾಕ್ಸೇ ಮೇಲು.

ಹಳೆ ಹಾಳೆಗಳನ್ನು ನಾನು ಎಸೆಯುವುದಿಲ್ಲ, ಫೈಲ್ ಮಾಡುತ್ತೇನೆ. ಕಳೆದ ಪರೀಕ್ಷೆ ವಾರದ್ದನ್ನು ನಿನ್ನೆ ತೆಗೆದು ನೋಡಿದೆ. ಹನ್ನೊಂದು ಕೆಂಪು ಗೆರೆ, ಅದರಲ್ಲಿ ಏಳು ಹಾಲ್‌ನದ್ದೇ. ಈ ಸಲ ಹಾಲ್‌ಗೆ ಬೇರೆಯೇ ಒಂದು ಸಾಲು ಹಾಕಿದ್ದೇನೆ, ಅದನ್ನು ತುಂಬುವ ಮುಂಚೆ ಪಿ.ಟಿ. ಸರ್ ಮತ್ತು ಮ್ಯಾಥ್ಸ್ ಮಿಸ್ ಇಬ್ಬರನ್ನೂ ಕರೆದು ಕೇಳುತ್ತೇನೆ.