ಹೂಳಿನ ಎಣ್ಣೆಯ ಮೂಲ ಹುಡುಕುವ ಪ್ರಯೋಗಾಲಯ: ಎಣ್ಣೆಯಲ್ಲಿ ಪಾಸು, ಬೇರಿಯಂನಲ್ಲಿ ಮರುಪರೀಕ್ಷೆ

ಅರಬ್ಬೀ ಸಮುದ್ರದ ಹಳೆಯ ಕೊರೆತದ ಬಾವಿಯೊಂದರ ಸುತ್ತ ಎತ್ತಿದ ಹನ್ನೆರಡು ಹೂಳಿನ ಮಾದರಿಗಳನ್ನು ಮುಂಬೈನ ಖಾಸಗಿ ಪ್ರಯೋಗಾಲಯವೊಂದಕ್ಕೆ ಕೊಟ್ಟಿದ್ದೆವು. ಹೂಳಿನಲ್ಲಿ ಎಣ್ಣೆಯಿದ್ದರೆ ಅದು ಬಾವಿಯದೋ, ಹಾದುಹೋಗುವ ಹಡಗುಗಳದೋ, ನಗರದ ಕೊಳಚೆಯೊಂದಿಗೆ ಬಂದದ್ದೋ ಎಂದು ಅವರು ಬೇರ್ಪಡಿಸಿ ಹೇಳಬೇಕಿತ್ತು.

ಮಾದರಿ ಸ್ವೀಕರಿಸುವಾಗಿನ ಅವರ ಶಿಸ್ತು ಮೆಚ್ಚುವಂಥದ್ದು. ಕುಲುಮೆಯಲ್ಲಿ ಕಾಯಿಸಿ ಶುದ್ಧಗೊಳಿಸಿದ ಗಾಜಿನ ಜಾಡಿಗಳನ್ನು ಅವರೇ ಕಳುಹಿಸಿದರು. ಮಾದರಿ ಎತ್ತುವ ವಿಂಚಿನ ಗ್ರೀಸನ್ನೂ ಒಂದಿಷ್ಟು ಕೇಳಿ ಪಡೆದರು. ಅತಿಯಾಯಿತು ಎಂದು ಆಗ ಗೊಣಗಿದ್ದೆ. ಎರಡು ಜಾಡಿಗಳಲ್ಲಿದ್ದ ಎಣ್ಣೆ ನಮ್ಮದೇ ವಿಂಚಿನದೆಂದು ವರದಿ ಬಂದಾಗ ಸುಮ್ಮನಾದೆ.

ಎಣ್ಣೆಯ ವಿಶ್ಲೇಷಣೆಯಲ್ಲಿ ಅವರ ಕೈ ಪಳಗಿದೆ. ಹೂಳಿನಲ್ಲಿ ವರ್ಷಗಟ್ಟಲೆ ಕುಳಿತ ಎಣ್ಣೆಯ ಹಗುರ ಅಂಶಗಳನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸಿದರೂ ಹೋಪೇನ್‌ನಂಥ ಅಣುಗಳು ಬಹುಮಟ್ಟಿಗೆ ಉಳಿಯುತ್ತವೆ. ಮೆಕ್ಸಿಕೋ ಕೊಲ್ಲಿಯ ಮಕಾಂಡೊ ಬಾವಿ 2010ರಲ್ಲಿ ಸಿಡಿದ ಬಳಿಕ, ಅದರ ಎಣ್ಣೆ ಸುಮಾರು 3,200 ಚದರ ಕಿಲೋಮೀಟರ್ ಕಡಲತಳದಲ್ಲಿ ಹರಡಿ ಕೂತಿರುವುದನ್ನು 2014ರ ಅಧ್ಯಯನವೊಂದು ಗುರುತಿಸಿದ್ದು ಹೋಪೇನ್‌ನ ಜಾಡು ಹಿಡಿದೇ. ನಮ್ಮ ವರದಿಯಲ್ಲಿ ಎಣ್ಣೆಯ ಮೂಲ ತಿಳಿಸುವ ಹೋಪೇನ್, ಸ್ಟೆರೇನ್‌ಗಳ ಅನುಪಾತದ ಜೊತೆಗೆ ಪ್ರತಿ ಮಾದರಿಯ ಕ್ರೊಮ್ಯಾಟೋಗ್ರಾಮ್ (ಎಣ್ಣೆಯ ಅಂಶಗಳನ್ನು ಬೇರ್ಪಡಿಸಿ ತೋರಿಸುವ ನಕ್ಷೆ) ಕೂಡ ಇದ್ದುದರಿಂದ, ಅವರ ತೀರ್ಮಾನವನ್ನು ನಾವೇ ಕೂತು ತಾಳೆ ನೋಡಲು ಸಾಧ್ಯವಾಯಿತು.

ಎಡವಿದ್ದು ಬೇರಿಯಂನಲ್ಲಿ. ಕೊರೆಯುವಾಗ ಬಾವಿಯ ಒತ್ತಡವನ್ನು ತಡೆಹಿಡಿಯಲು ಬಳಸುವ ಕೆಸರಿಗೆ ತೂಕ ಬರಲೆಂದು ಬೇರಿಯಂನ ಖನಿಜವಾದ ಬೇರೈಟ್ ಪುಡಿ ಸೇರಿಸುತ್ತಾರೆ (ನಮ್ಮ ನೆರೆಯ ಕಡಪ ಸೀಮೆಯ ಮಂಗಂಪೇಟೆ ಗಣಿಯ ಬೇರೈಟ್ ಹೋಗುವುದೂ ಹೆಚ್ಚಾಗಿ ಇದೇ ಕೆಲಸಕ್ಕೆ). ಆದ್ದರಿಂದ ಎಣ್ಣೆ ಬೆರೆಸದ ಕೆಸರು ಬಳಸಿದ ಕಡೆಯಲ್ಲೂ ಬೇರಿಯಂ ಕೊರೆತದ ಸುಳಿವು ಕೊಡುತ್ತದೆ. ಆದರೆ ಮೊದಲ ವರದಿಯಲ್ಲಿ ಬಾವಿಯ ಬುಡದಲ್ಲೂ ಐದು ಕಿಲೋಮೀಟರ್ ಆಚೆಯೂ ಬೇರಿಯಂ ಹೆಚ್ಚುಕಡಿಮೆ ಒಂದೇ ಆಗಿತ್ತು. ವಿಧಾನದ ಪುಟ ತಿರುವಿದರೆ ಕಾರಣ ಅಲ್ಲೇ ಇತ್ತು: ಹೂಳನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ ಅಳೆದಿದ್ದರು. ಬೇರೈಟ್ ಆ ಆಮ್ಲಕ್ಕೆ ಜಗ್ಗುವುದಿಲ್ಲ. ಕರಗಿದ್ದು ಬೇರೆ ಖನಿಜಗಳಲ್ಲಿದ್ದ ಬೇರಿಯಂ, ನಮಗೆ ಬೇಕಾದದ್ದು ಸೋಸುಕಾಗದದ ಮೇಲೆಯೇ ಉಳಿದಿತ್ತು.

ತಕರಾರು ಬರೆದ ಮೇಲೆ, ಹೂಳನ್ನು ಆಮ್ಲದಲ್ಲಿ ಕರಗಿಸದೆಯೇ ಅಳೆಯುವ ಎಕ್ಸ್‌-ರೇ ಫ್ಲೋರೆಸೆನ್ಸ್ ವಿಧಾನದಲ್ಲಿ ಉಚಿತವಾಗಿ ಮರುಪರೀಕ್ಷೆ ಮಾಡಿದರು, ಬಾವಿಯತ್ತ ಸಾಗಿದಂತೆ ಬೇರಿಯಂ ಏರುವುದು ಆಗ ಕಂಡಿತು. ಮೂರು ವಾರ ತಡವಾಯಿತು. ಜೇಡಿಮಣ್ಣಿನ ಸಹಜ ಬೇರಿಯಂ ಕಳೆದು ನೋಡಲು ಬೇಕಾದ ಅಲ್ಯೂಮಿನಿಯಂ ಅಳತೆಗೆ ಪ್ರತ್ಯೇಕ ಹಣ ಕೇಳಿದ್ದು ಮಾತ್ರ ಸರಿಯಲ್ಲ. ಇವರಿಗೆ ಮಾದರಿ ಕೊಡುವವರು ‘ಒಟ್ಟು ಬೇರಿಯಂ, ಆಮ್ಲದ ವಿಧಾನ ಬೇಡ’ ಎಂದು ಕೆಲಸದ ಆದೇಶದಲ್ಲಿಯೇ ಬರೆಯಿಸಿಕೊಳ್ಳುವುದು ಒಳಿತು.