ಥಿಯೇಟರಿಗೆ ಯಾವುದು, ಮನೆಗೆ ಯಾವುದು: ಏಳು ಸಿನಿಮಾಗಳ ಲೆಕ್ಕ

ಯುದ್ಧ, ಸ್ಫೋಟ ಇದ್ದರೆ ಥಿಯೇಟರು. ನಾಲ್ಕು ಜನ ಕೂತು ಮಾತಾಡುವ ಸಿನಿಮಾ ಆದರೆ ಮನೆಯ ಟಿವಿ ಸಾಕು. ಈ ಲೆಕ್ಕ ಬಹುತೇಕ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಕೆಳಗಿನ ಏಳು ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಪರದೆಯ ಅಳತೆಗಿಂತ ಸೌಂಡು ಮತ್ತು ಕತ್ತಲೆ ಹೆಚ್ಚು ಕೆಲಸ ಮಾಡುತ್ತವೆ. ಇನ್ನೊಂದು ಮಾತು: ಒಂದು ಸಿನಿಮಾವನ್ನು ಉಳಿಸುವ ಟಿವಿ ಸೆಟ್ಟಿಂಗೇ ಇನ್ನೊಂದನ್ನು ಹಾಳು ಮಾಡುತ್ತದೆ. ಒಮ್ಮೆ ಸೆಟ್ ಮಾಡಿ ಮರೆತುಬಿಡುವ ವಿಷಯ ಇದಲ್ಲ.

ಮೊದಲು 'ದಿ ಝೋನ್ ಆಫ್ ಇಂಟರೆಸ್ಟ್'. ಜೋನಥನ್ ಗ್ಲೇಜರ್ ನಿರ್ದೇಶನದ 2023ರ ಸಿನಿಮಾ, 105 ನಿಮಿಷ. ನಾಜಿಗಳ ಆಶ್ವಿಟ್ಸ್ ಸಾವಿನ ಶಿಬಿರದ ಕಮಾಂಡೆಂಟನ ಮನೆ, ಅವನ ಹೆಂಡತಿ ಬೆಳೆಸಿದ ತೋಟ, ಮಕ್ಕಳು, ಈಜುಕೊಳ. ತೋಟದ ಗೋಡೆಯ ಆಚೆಗೇ ಶಿಬಿರ. ಅಲ್ಲಿ ನಡೆಯುವ ಕೊಲೆಗಳನ್ನು ಕ್ಯಾಮೆರಾ ಒಮ್ಮೆಯೂ ತೋರಿಸುವುದಿಲ್ಲ. ಎಲ್ಲವೂ ಕಿವಿಗೆ ಮಾತ್ರ ಬರುತ್ತದೆ. ದೂರದ ಗುಂಡಿನ ಸದ್ದು, ಕೂಗು, ರೈಲು, ಹೆಣ ಸುಡುವ ಕುಲುಮೆಯ ಎಡೆಬಿಡದ ಮೊರೆತ. 2024ರ ಆಸ್ಕರ್‌ನಲ್ಲಿ ಅತ್ಯುತ್ತಮ ಸೌಂಡ್ ಪ್ರಶಸ್ತಿ ಈ ಸಿನಿಮಾಕ್ಕೆ ಸಿಕ್ಕಿದ್ದು ಪೂರ್ತಿ ನ್ಯಾಯ. ಶುರುವಿನಲ್ಲಿ ಸಿನಿಮಾದ ಹೆಸರು ಪರದೆಯ ಮೇಲೆ ಬಂದು ಮಸುಕಾಗಿ ಕರಗಿದ ಮೇಲೆ ಒಂದೆರಡು ನಿಮಿಷ ಬರೀ ಕಪ್ಪು ಪರದೆ, ಜೊತೆಗೆ ಸಂಗೀತ. ಮನೆಯಲ್ಲಾದರೆ ಟಿವಿ ಕೈಕೊಟ್ಟಿತೆಂದು ರಿಮೋಟ್ ಹುಡುಕುವ ಹೊತ್ತು ಅದು. ಥಿಯೇಟರಿನ ಕತ್ತಲೆಯಲ್ಲಿ ಅದೇ ಎರಡು ನಿಮಿಷ ನಿಮ್ಮ ಕಿವಿಯನ್ನು ಹದ ಮಾಡುತ್ತದೆ. ಮುಂದಿನ ಒಂದೂಮುಕ್ಕಾಲು ಗಂಟೆ ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ ಎಂದು ಮೊದಲೇ ತಿಳಿಸುತ್ತದೆ.

ಇಲ್ಲಿ ಎಡವಟ್ಟಾಗುವುದು ಹೇಗೆ? ತೆಳ್ಳನೆಯ ಟಿವಿಯ ಸ್ಪೀಕರಿನಲ್ಲಿ ಸುಮಾರು 100 ಹರ್ಟ್ಜ್‌ಗಿಂತ ಕೆಳಗಿನ ಸದ್ದು, ಅಂದರೆ ಬೇಸ್, ಇಲ್ಲವೆನ್ನುವಷ್ಟು ಕಡಿಮೆ. ಕುಲುಮೆಯ ಮೊರೆತದ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಅದರ ಮೇಲೆ 'ಡೈಲಾಗ್ ಬೂಸ್ಟ್' ಅಥವಾ 'ಕ್ಲಿಯರ್ ವಾಯ್ಸ್' ಆನ್ ಇದ್ದರೆ ಮುಗಿಯಿತು. ಆ ಸೆಟ್ಟಿಂಗ್ ಮಾತನ್ನು ಮುಂದೆ ತಂದು ಹಿನ್ನೆಲೆಯನ್ನು ತಗ್ಗಿಸುತ್ತದೆ, ಈ ಸಿನಿಮಾದ ಜೀವ ಇರುವುದು ಹಿನ್ನೆಲೆಯಲ್ಲೇ. 'ನೈಟ್ ಮೋಡ್' ಕೂಡ ಬೇಡ. ಅದು ಮೆಲ್ಲನೆಯ ಸದ್ದನ್ನು ಎತ್ತಿ ಜೋರು ಸದ್ದನ್ನು ಇಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ, ಗೋಡೆಯ ಆಚೆ ಈಚೆ ಎಂಬ ಅಂತರವೇ ಅಳಿಸಿಹೋಗುತ್ತದೆ. ಥಿಯೇಟರಿನಲ್ಲಿ ನೋಡಲಾಗದಿದ್ದರೆ ಕಿವಿ ಮುಚ್ಚುವಂಥ ಹೆಡ್‌ಫೋನ್ ಹಾಕಿ, ಅದೂ ವೈರಿನದು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರಬಹುದು. ಟಿವಿಯ 'ಎವಿ ಸಿಂಕ್' ಸೆಟ್ಟಿಂಗಿನಲ್ಲಿ ಸರಿಪಡಿಸೋಣ ಎಂದರೆ, ಅದು ಸಾಮಾನ್ಯವಾಗಿ ಸದ್ದನ್ನು ಇನ್ನಷ್ಟು ತಡ ಮಾಡಬಲ್ಲದೇ ಹೊರತು ಮುಂದಕ್ಕೆ ಎಳೆಯಲಾರದು.

ಏಳರಲ್ಲಿ ಒಂದನ್ನು ಮಾತ್ರ ಥಿಯೇಟರಿನಲ್ಲಿ ನೋಡಲು ಸಾಧ್ಯ ಎಂದಾದರೆ ನನ್ನ ಆಯ್ಕೆ ಇದೇ. 'ಡ್ಯೂನ್'ನ ಮರಳುಗಾಡಿನ ದೈತ್ಯ ಹುಳುವೂ ಅಲ್ಲ, 'ಓಪನ್‌ಹೈಮರ್'ನ ಅಣುಬಾಂಬೂ ಅಲ್ಲ.

'ಅನಾಟಮಿ ಆಫ್ ಎ ಫಾಲ್' ಕೂಡ 2023ರದ್ದೇ, ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದದ್ದು. ಗಂಡನ ಸಾವಿನ ಆರೋಪ ಹೊತ್ತ ಲೇಖಕಿಯ ಎರಡೂವರೆ ಗಂಟೆಯ ಕೋರ್ಟ್ ಕಥೆ, ಮಾತೇ ಮಾತು. ಮನೆಯಲ್ಲಿ ಧಾರಾಳವಾಗಿ ನೋಡಬಹುದು. ಆದರೆ ಮೊದಲ ದೃಶ್ಯದಲ್ಲೇ ಒಂದು ಬಲೆ ಇದೆ. ಕೆಳಗೆ ಲೇಖಕಿಯ ಸಂದರ್ಶನ ನಡೆಯುತ್ತಿರುತ್ತದೆ, ಮಹಡಿಯ ಮೇಲೆ ಗಂಡ ಒಂದೇ ಹಾಡನ್ನು ಮತ್ತೆ ಮತ್ತೆ ಜೋರಾಗಿ ಹಾಕುತ್ತಾನೆ. ಮಾತು ಆ ಹಾಡಿನಲ್ಲಿ ಮುಳುಗುವುದು ಮಿಕ್ಸಿಂಗ್ ದೋಷವಲ್ಲ, ಬೇಕೆಂದೇ ಮಾಡಿದ್ದು. ಮುಂದೆ ಕೋರ್ಟಿನಲ್ಲಿ ಆ ಹಾಡೇ ಚರ್ಚೆಗೆ ಬರುತ್ತದೆ. ಮಾತು ಕೇಳುತ್ತಿಲ್ಲವೆಂದು ಇಲ್ಲಿ ಡೈಲಾಗ್ ಬೂಸ್ಟ್ ಒತ್ತಿದರೆ ಗಂಡನ ಸಿಟ್ಟನ್ನೇ ಮ್ಯೂಟ್ ಮಾಡಿದ ಹಾಗೆ. ಇನ್ನೊಂದು ವಿಷಯ ಸಬ್‌ಟೈಟಲ್. ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷ್ ಇರುವ ಸಿನಿಮಾ ಇದು. ನಾಯಕಿ ತನ್ನದಲ್ಲದ ಭಾಷೆಯಲ್ಲಿ ತನ್ನನ್ನು ಸಮರ್ಥಿಸಿಕೊಳ್ಳಲು ಒದ್ದಾಡುವುದೇ ಕಥೆಯ ಹೃದಯ. ಡಬ್ಬಿಂಗ್ ಆಡಿಯೋ ಇದ್ದರೂ ಮುಟ್ಟಬೇಡಿ. ಎಚ್‌ಡಿಆರ್ (ಹೊಳಪನ್ನು ಹೆಚ್ಚು ತೋರಿಸುವ) ಟಿವಿಯಲ್ಲಿ ಬಿಳಿ ಸಬ್‌ಟೈಟಲ್ ಕಣ್ಣಿಗೆ ಹೊಡೆದು ಕತ್ತಲೆಯ ದೃಶ್ಯವನ್ನು ತಿಂದುಹಾಕುತ್ತದೆ. ಹಲವು ಸೇವೆಗಳಲ್ಲಿ ಸಬ್‌ಟೈಟಲ್ ಬಣ್ಣ ಬದಲಿಸಲು ಅವಕಾಶವಿದೆ. ತಿಳಿಬೂದು ಮಾಡಿ, ನೆರಳು ಇಡಿ. ಓದಲು ತೊಂದರೆಯಿಲ್ಲ, ಮುಖಗಳೂ ಉಳಿಯುತ್ತವೆ.

ಈಗ ಡೈಲಾಗ್ ಸೆಟ್ಟಿಂಗ್ ನಿಜವಾಗಿಯೂ ಬೇಕಾಗುವ ಸಿನಿಮಾಕ್ಕೆ ಬರೋಣ: 'ಓಪನ್‌ಹೈಮರ್', 180 ನಿಮಿಷ. ಕ್ರಿಸ್ಟೋಫರ್ ನೋಲನ್ ಚಿತ್ರೀಕರಣದ ಜಾಗದಲ್ಲಿ ಹಿಡಿದ ಧ್ವನಿಯನ್ನೇ ಆದಷ್ಟೂ ಉಳಿಸಿಕೊಳ್ಳುತ್ತಾರೆ, ಸ್ಟುಡಿಯೋದಲ್ಲಿ ಮರುಧ್ವನಿ ಮಾಡಿಸುವುದು ಅಪರೂಪ. ಅದರ ಮೇಲೆ ಸಂಗೀತ ಬಿಡುವಿಲ್ಲದೆ ಹರಿಯುತ್ತದೆ. ಥಿಯೇಟರಿನಲ್ಲಿ ಮಾತು ಪರದೆಯ ಹಿಂದಿನ ನಡುವಿನ ಸ್ಪೀಕರಿನಿಂದ ಪ್ರತ್ಯೇಕವಾಗಿ ಬರುವುದರಿಂದ ಹೇಗೋ ನಿಭಾಯಿಸುತ್ತದೆ. ಮನೆಯಲ್ಲಿ ಐದು ಸ್ಪೀಕರು, ಒಂದು ಸಬ್‌ವೂಫರಿಗೆಂದು ಮಾಡಿದ 5.1 ಆಡಿಯೋವನ್ನು ಟಿವಿಯ ಎರಡೇ ಸ್ಪೀಕರಿಗೆ ಹಿಂಡಿದಾಗ ಮಾತು, ಸಂಗೀತ, ಗದ್ದಲ ಎಲ್ಲ ಒಂದೇ ಮುದ್ದೆ. ಪರಿಹಾರ ಹೀಗೆ: ಬೇರೆ ಸ್ಪೀಕರ್ ಇಲ್ಲದಿದ್ದರೆ ಆಡಿಯೋ ಮೆನುವಿನಲ್ಲಿ 5.1 ಬಿಟ್ಟು ಸ್ಟೀರಿಯೋ ಆರಿಸಿ. ನಡುವಿನ ಸ್ಪೀಕರ್ ಇರುವ ಸೌಂಡ್‌ಬಾರ್ ಆದರೆ ಸೆಂಟರ್ ಚಾನೆಲ್ಲನ್ನು 2ರಿಂದ 3 ಡೆಸಿಬೆಲ್ ಏರಿಸಿ, ಅದಕ್ಕಿಂತ ಹೆಚ್ಚು ಬೇಡ. ವಾಲ್ಯೂಮನ್ನು ಒಂದು ಸಾಧಾರಣ ಮಾತುಕತೆಯ ದೃಶ್ಯದಲ್ಲಿ ಹೊಂದಿಸಿಕೊಂಡು ಆಮೇಲೆ ಕೈ ಹಚ್ಚಬೇಡಿ.

ಕಾರಣ ಟ್ರಿನಿಟಿ, ಅಂದರೆ ಮೊದಲ ಅಣುಬಾಂಬ್ ಪರೀಕ್ಷೆಯ ದೃಶ್ಯ. ಮೊದಲು ಬೆಳಕು, ಸದ್ದಿಲ್ಲ. ಉಸಿರಾಟ ಮಾತ್ರ ಕೇಳುತ್ತದೆ. ಬೆಂಕಿಯ ಗೋಳ ಮೇಲೇರುತ್ತಲೇ ಇರುತ್ತದೆ, ಕಿವಿ ಕಾಯುತ್ತಲೇ ಇರುತ್ತದೆ. ಬೆಳಕಿಗಿಂತ ಸದ್ದು ನಿಧಾನ ಎಂಬ ಶಾಲೆಯ ಪಾಠವನ್ನು ಇಷ್ಟು ಹೊತ್ತು ಎಳೆದು, ಕೊನೆಗೆ ಎದೆಗೆ ಗುದ್ದುವ ಹಾಗೆ ಆಸ್ಫೋಟ ಬಂದೆರಗುತ್ತದೆ. ಮನೆಯಲ್ಲಿ ಆ ಮೌನದ ನಡುವೆ ವಾಲ್ಯೂಮ್ ಏರಿಸಿದವರು ಮುಂದಿನ ಕ್ಷಣ ಬೆಚ್ಚಿಬೀಳುತ್ತಾರೆ. ಫ್ಯಾನ್ ತಿರುಗುತ್ತಿದ್ದರೆ ಆ ಉಸಿರಾಟವೇ ಕೇಳುವುದಿಲ್ಲ. ಐದು ನಿಮಿಷ ಆರಿಸಿಬಿಡಿ. ಈ ಒಂದು ದೃಶ್ಯಕ್ಕಾಗಿ ಥಿಯೇಟರು ಮೇಲು. ಚಿತ್ರದ ಆಕಾರದ ವಿಷಯದಲ್ಲಿ ಮಾತ್ರ ಮನೆಯಲ್ಲಿ ನೋಡುವವರಿಗೆ ಒಂದು ಸಮಾಧಾನವಿದೆ: ಡಿಸ್ಕ್ ಆವೃತ್ತಿಯಲ್ಲಿ ಐಮ್ಯಾಕ್ಸ್ ಎಂಬ ದೊಡ್ಡ ಫಿಲ್ಮಿನ ಕ್ಯಾಮೆರಾದ ದೃಶ್ಯಗಳು 1.78 ಅನುಪಾತದಲ್ಲಿ (ಅಗಲ ಎತ್ತರದ 1.78 ಪಟ್ಟು) ಟಿವಿಯನ್ನು ಪೂರ್ತಿ ತುಂಬುತ್ತವೆ, ಉಳಿದವು 2.20ರಲ್ಲಿ ಮೇಲೆ ಕೆಳಗೆ ಸಣ್ಣ ಕಪ್ಪು ಪಟ್ಟಿಯೊಂದಿಗೆ ಬರುತ್ತವೆ. ಪಟ್ಟಿ ಬಂದು ಹೋಗುವುದು ದೋಷವಲ್ಲ.

'ಡ್ಯೂನ್: ಪಾರ್ಟ್ ಟೂ'ಗೆ ಆ ಅನುಕೂಲ ಸಿಕ್ಕಿಲ್ಲ. ಐಮ್ಯಾಕ್ಸ್ ಪರದೆಯಲ್ಲಿ ಎತ್ತರಕ್ಕೆ ನಿಲ್ಲುವ ಚಿತ್ರ ಮನೆಗೆ 2.39 ಅನುಪಾತದಲ್ಲೇ ಬಂದಿದೆ. 55 ಇಂಚಿನ ಟಿವಿಯ ಎತ್ತರ 68.5 ಸೆಂಟಿಮೀಟರ್, ಅದರಲ್ಲಿ ಚಿತ್ರಕ್ಕೆ ಸಿಗುವುದು 51 ಮಾತ್ರ. ಹುಳುವಿನ ಮೇಲೆ ನಿಂತ ಮನುಷ್ಯ ಎಷ್ಟು ಚಿಕ್ಕವನು ಎಂಬ ಭಾವ ಅಲ್ಲಿಗೆ ಅರ್ಧ ಹೋಯಿತು. ಆದರೂ ಟಿವಿ ಗೆಲ್ಲುವ ಒಂದು ಜಾಗವಿದೆ. ಥಿಯೇಟರಿನ ಸಾಮಾನ್ಯ ಡಿಜಿಟಲ್ ಪ್ರೊಜೆಕ್ಷನ್ನಿನ ಬಿಳುಪು, ಹೊಳಪಿನ ಅಳತೆಯಲ್ಲಿ, 48 ನಿಟ್ಸ್‌ಗೆ ನಿಗದಿಯಾಗಿದೆ. ಒಳ್ಳೆಯ ಎಚ್‌ಡಿಆರ್ ಟಿವಿ ಅದರ ಹತ್ತು ಪಟ್ಟಿಗಿಂತ ಹೆಚ್ಚು ಬೆಳಗಬಲ್ಲದು. ಮರಳಿನ ಮೇಲಿನ ಬಿಸಿಲು ಮನೆಯಲ್ಲಿ ಹೆಚ್ಚು ಸುಡುತ್ತದೆ. ಇನ್‌ಫ್ರಾರೆಡ್‌ನಲ್ಲಿ ಚಿತ್ರಿಸಿದ ಕಪ್ಪುಬಿಳುಪು ಅಖಾಡದ ಕಾಳಗದಲ್ಲಿ ಮಾತ್ರ ಹುಷಾರು: ಬಣ್ಣ, ಹೊಳಪು ಏರಿಸುವ 'ವಿವಿಡ್' ಮೋಡಿನಲ್ಲಿ ಆ ಬಿಳಿಚಿದ ಮುಖಗಳು ಸುಣ್ಣ ಬಳಿದಂತಾಗಿ ಕಣ್ಣು ಮೂಗಿನ ಗೆರೆಗಳೇ ಮಾಯವಾಗುತ್ತವೆ.

'ಅವತಾರ್: ದಿ ವೇ ಆಫ್ ವಾಟರ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 192 ನಿಮಿಷ. ಕೆಲವು ದೃಶ್ಯಗಳು ಸೆಕೆಂಡಿಗೆ 48 ಫ್ರೇಮ್ (ಬಿಡಿ ಚಿತ್ರ), ಉಳಿದವು 24. ಇದು ಇದ್ದದ್ದು ಥಿಯೇಟರಿನ ಕೆಲವು ಪ್ರದರ್ಶನಗಳಲ್ಲಿ, ಮನೆಯ ಸಾಮಾನ್ಯ ಟಿವಿಯಲ್ಲಿ ಅಲ್ಲ. ನೀರಿನಡಿಯಲ್ಲಿ 3ಡಿ ಜೊತೆ 48 ಅದ್ಭುತ, ದಡಕ್ಕೆ ಬಂದ ಕೂಡಲೇ 24ಕ್ಕೆ ಇಳಿಯುವುದು ಕಣ್ಣಿಗೆ ಮುಗ್ಗರಿಸಿದಂತೆ. ಮನೆಯಲ್ಲಿ ಮೋಷನ್ ಸ್ಮೂದಿಂಗ್ ಹಾಕಿ ಅದೇ ಅನುಭವ ಪಡೆಯಬಹುದೆಂಬ ಸಲಹೆ ಅಲ್ಲಲ್ಲಿ ಕೇಳುತ್ತದೆ. ಒಪ್ಪಬೇಡಿ. ಟಿವಿ ಎರಡು ಫ್ರೇಮುಗಳ ನಡುವೆ ಊಹಿಸಿ ತುಂಬುತ್ತದೆ. ಗುಳ್ಳೆಗಳ ನಡುವೆ ಕೈ ಬೀಸಿದರೆ ಬೆರಳಿನ ಅಂಚು ಹರಿದು ಕಲಸಿಹೋಗುತ್ತದೆ.

ನನ್ನ ಮಟ್ಟಿಗೆ ಮನೆಯ ಟಿವಿಯ ನಿಜವಾದ ಪರೀಕ್ಷೆ 'ರೋಮಾ'. ಅಲ್ಫಾನ್ಸೊ ಕ್ವಾರೊನ್ ಅವರ 2018ರ ಕಪ್ಪುಬಿಳುಪು ಸಿನಿಮಾ. ಶುರುವಿನಲ್ಲಿ ಪರದೆಯ ತುಂಬ ನೆಲದ ಹಾಸುಗಲ್ಲು, ಬೇರೇನೂ ಇಲ್ಲ. ಎಲ್ಲೋ ನೆಲ ತೊಳೆಯುವ ಸದ್ದು. ನೀರು ಹರಿದು ಬರುತ್ತದೆ, ನೀರಿನಲ್ಲಿ ಆಕಾಶದ ಒಂದು ಚೌಕ ಕಾಣುತ್ತದೆ, ಆ ಚೌಕದಲ್ಲಿ ಪುಟ್ಟ ವಿಮಾನವೊಂದು ಹಾದುಹೋಗುತ್ತದೆ. ಸೋಪಿನ ನೊರೆ ಬಂದು ಎಲ್ಲವನ್ನೂ ಕದಡುತ್ತದೆ. ಈ ನಾಲ್ಕು ನಿಮಿಷದಲ್ಲೇ ನಿಮ್ಮ ಟಿವಿಯ ಗುಣದೋಷ ಹೊರಬೀಳುತ್ತದೆ. ಬೂದುಬಣ್ಣ ನೀಲಿಗೆ ತಿರುಗಿದೆಯೇ? ಕಲರ್ ಟೆಂಪರೇಚರ್ 'ಕೂಲ್'ನಲ್ಲಿದೆ, 'ವಾರ್ಮ್'ಗೆ ಬದಲಿಸಿ; ಹತ್ತು ನಿಮಿಷ ಹಳದಿ ಅನ್ನಿಸಿ ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ನೊರೆ ಚೌಕ ಚೌಕವಾಗಿ ಒಡೆಯುತ್ತಿದೆಯೇ? ಇಂಟರ್ನೆಟ್ ವೇಗ ಸಾಲದೆ ಸ್ಟ್ರೀಮ್‌ನ ಗುಣಮಟ್ಟ ಇಳಿದಿದೆ. ಥಿಯೇಟರಿನ ಡಿಜಿಟಲ್ ಪ್ರತಿಯಲ್ಲಿ ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ ಮಾಹಿತಿ ಹರಿಯಬಹುದು, 4ಕೆ ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ 15ರಿಂದ 25. ಕೊನೆಯ ಭಾಗದ ಸಮುದ್ರದ ದೃಶ್ಯದಲ್ಲಿ ಅಲೆಯ ಬುರುಗು ಇದನ್ನು ಇನ್ನೂ ನಿರ್ದಯವಾಗಿ ತೋರಿಸುತ್ತದೆ.

ಕ್ಯಾಮೆರಾ ನಿಂತಲ್ಲೇ ನಿಧಾನಕ್ಕೆ ಪಕ್ಕಕ್ಕೆ ತಿರುಗುವ ದೃಶ್ಯಗಳು ಈ ಸಿನಿಮಾದ ಉದ್ದಕ್ಕೂ ಇವೆ. ಅಲ್ಲಿ ಚಿತ್ರ ಕುಂಟುತ್ತಾ ಸರಿದರೆ ಕಾರಣ ಫ್ರೇಮ್ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಸ್ಟ್ರೀಮಿಂಗ್ ಬಾಕ್ಸು ಕಳಿಸುವುದು 60. ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಎಂದು ಹಂಚಬೇಕಾಗುತ್ತದೆ, ಆ ಏರುಪೇರೇ ಕುಂಟು. ಬಾಕ್ಸಿನ ಸೆಟ್ಟಿಂಗ್ಸಿನಲ್ಲಿ 'ಮ್ಯಾಚ್ ಫ್ರೇಮ್ ರೇಟ್' ಆನ್ ಮಾಡಿ. 120 ಹರ್ಟ್ಜ್ ಟಿವಿಯಾದರೆ ಪ್ರತಿ ಫ್ರೇಮೂ ಐದೈದು ಸಲ, ಸರಿಸಮ. ಒಎಲ್‌ಇಡಿ ಪರದೆಯಲ್ಲಿ ಇಷ್ಟು ಮಾಡಿದ ಮೇಲೂ ಸ್ವಲ್ಪ ತಡವರಿಕೆ ಉಳಿಯಬಹುದು. ಮೋಷನ್ ಮೆನುವಿನಲ್ಲಿ ಆ ತಡವರಿಕೆ ತಗ್ಗಿಸುವ 'ಡಿ-ಜಡರ್' 1 ಅಥವಾ 2ಕ್ಕಿಟ್ಟರೆ ಸಾಕು. ಅದಕ್ಕಿಂತ ಮೇಲೆ ಹೋದರೆ ಸಿನಿಮಾ ಧಾರಾವಾಹಿಯಂತೆ ಕಾಣತೊಡಗುತ್ತದೆ. ಈ ಕಂಪನಿಗೊಂದು ಹೆಸರಿನ ಸೆಟ್ಟಿಂಗ್‌ಗಳನ್ನು ಹುಡುಕುವ ತಾಳ್ಮೆ ಇಲ್ಲದವರಿಗೆ 2019ರಲ್ಲಿ ಘೋಷಣೆಯಾದ 'ಫಿಲ್ಮ್‌ಮೇಕರ್ ಮೋಡ್' ಇದೆ. ಸ್ಮೂದಿಂಗ್, ಶಾರ್ಪನಿಂಗ್ ಎಲ್ಲ ಒಂದೇ ಏಟಿಗೆ ಆಫ್. ಹಗಲು ಹೊತ್ತು, ಕಿಟಕಿ ತೆರೆದ ಕೋಣೆಯಲ್ಲಿ ಅದು ಮಂಕಾಗಿ ಕಾಣುವುದು ಸಹಜ. ಮೋಡ್ ಬದಲಿಸುವ ಮುನ್ನ ಕಿಟಕಿಯ ಪರದೆ ಎಳೆಯಿರಿ, 'ಎನರ್ಜಿ ಸೇವಿಂಗ್' ಆಫ್ ಮಾಡಿ. ಇಷ್ಟು ಮಾಡಿಕೊಂಡರೆ 'ರೋಮಾ' ಮನೆಯಲ್ಲೇ ತೃಪ್ತಿ ಕೊಡುತ್ತದೆ. 55 ಇಂಚಿಗೆ ಒಂದೂಮುಕ್ಕಾಲರಿಂದ ಎರಡೂಕಾಲು ಮೀಟರ್ ದೂರದಲ್ಲಿ ಕೂತರೆ ಸರಿ. ಮೂರೂವರೆ ಮೀಟರ್ ಆಚೆ ಕೂತವರಿಗೆ ಆ ವಿಮಾನ ಕಾಣುವುದು ಕಷ್ಟ.

ಥಿಯೇಟರ್ ಎಂದರೆ ಎಲ್ಲವೂ ಸರಿಯಿರುತ್ತದೆ ಎಂದೇನಲ್ಲ. 3ಡಿ ಪ್ರದರ್ಶನದಲ್ಲಿ ಕನ್ನಡಕ ಮತ್ತು ಫಿಲ್ಟರ್ ದಾಟಿ ಕಣ್ಣಿಗೆ ತಲಪುವ ಬೆಳಕು 2ಡಿಯ ಮೂರನೇ ಒಂದು ಪಾಲಿನ ಆಸುಪಾಸು. ಮುಂದಿನ 2ಡಿ ಪ್ರದರ್ಶನಕ್ಕೆ ಆ ಫಿಲ್ಟರ್ ತೆಗೆಯದೆ ಬಿಟ್ಟರೆ ಇಡೀ ಸಿನಿಮಾ ಮುಸ್ಸಂಜೆಯಲ್ಲಿ ನಡೆದಂತೆ ಕಾಣುತ್ತದೆ. ಮೊದಲ ಐದು ನಿಮಿಷದಲ್ಲೇ ಎದ್ದುಹೋಗಿ ಸಿಬ್ಬಂದಿಗೆ ಹೇಳಿ, ಆಮೇಲೆ ಯಾರೂ ಮುಟ್ಟುವುದಿಲ್ಲ. ಸೀಟು ಆರಿಸುವಾಗ ಪರದೆಯಿಂದ ಸುಮಾರು ಮೂರನೇ ಎರಡು ಭಾಗ ಹಿಂದೆ, ಸಾಲಿನ ನಡುವೆ. ಸೌಂಡ್ ಹೊಂದಿಸುವುದು ಬಹುತೇಕ ಆ ಜಾಗವನ್ನು ಗಮನದಲ್ಲಿಟ್ಟುಕೊಂಡೇ. ಕಟ್ಟಕಡೆಯ ಸಾಲಿನಲ್ಲಿ ಹಿಂದಿನ ಗೋಡೆಗೆ ಬಡಿದ ಬೇಸ್ ಗುಡ್ಡೆಯಾಗಿ ಮಾತನ್ನು ಮಸುಕಾಗಿಸುತ್ತದೆ.

ಕೊನೆಗೆ, ಮನೆಗೆಂದೇ ಮಾಡಿದಂತಿರುವ 'ಪರ್ಫೆಕ್ಟ್ ಡೇಸ್'. ಟೋಕಿಯೋದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವವನ ದಿನಗಳು, ವಿಮ್ ವೆಂಡರ್ಸ್ ನಿರ್ದೇಶನ, 124 ನಿಮಿಷ. ಅನುಪಾತ 1.33, ಹಳೆಯ ಟಿವಿಯ ಆಕಾರ. ಎಡಬಲದಲ್ಲಿ ಕಪ್ಪು ಪಟ್ಟಿ ಇರಲೇಬೇಕು. 'ಜೂಮ್' ಒತ್ತಿ ಪರದೆ ತುಂಬಿಸಿದರೆ ಎತ್ತರದ ಕಾಲು ಭಾಗ ಕತ್ತರಿಸಿಹೋಗುತ್ತದೆ. ಅವನು ತಲೆಯೆತ್ತಿ ನೋಡುವ ಮರದ ತುದಿಯೇ ಕಾಣುವುದಿಲ್ಲ. ಸೌಂಡಿನ ಬೇಡಿಕೆ ಕಡಿಮೆ: ಪೊರಕೆಯ ಸದ್ದು, ವ್ಯಾನಿನಲ್ಲಿ ಕ್ಯಾಸೆಟ್ಟು. ಸಾಧಾರಣ ಟಿವಿ ಸ್ಪೀಕರೂ ನಡೆಯುತ್ತದೆ. ಕೊನೆಯಲ್ಲಿ ಕೋಜಿ ಯಾಕುಶೋ ಅವರ ಮುಖವೊಂದೇ ಬಹಳ ಹೊತ್ತು ಪರದೆಯ ಮೇಲಿರುತ್ತದೆ. ಎರಡು ಮೀಟರ್ ದೂರದಲ್ಲಿ ಆ ಮುಖ ಹೆಚ್ಚುಕಡಿಮೆ ಎದುರಿಗೆ ಕೂತ ಮನುಷ್ಯನಷ್ಟೇ ದೊಡ್ಡದು.

ಒಂದು ಕೆಲಸ ಮಾತ್ರ ಸಿನಿಮಾ ಶುರುವಾಗುವ ಮುಂಚೆಯೇ ಮಾಡಿಡಿ: ಸ್ಟ್ರೀಮಿಂಗ್ ಸೇವೆಯ ಪ್ರೊಫೈಲ್ ಸೆಟ್ಟಿಂಗ್ಸಿಗೆ ಹೋಗಿ 'ಆಟೋಪ್ಲೇ' ಆಫ್ ಮಾಡಿ. ಇಲ್ಲದಿದ್ದರೆ ಹೆಸರುಗಳು ಬರತೊಡಗಿದ ಕೂಡಲೇ ಚಿತ್ರ ಮೂಲೆಗೆ ಕುಗ್ಗಿ ಬೇರೆ ಏನೋ ಓಡತೊಡಗುತ್ತದೆ. ಹೆಸರುಗಳೆಲ್ಲ ಮುಗಿದ ಮೇಲೆ ಪರದೆಯ ಮೇಲೆ 'ಕೊಮೊರೆಬಿ' ಎಂಬ ಜಪಾನಿ ಪದವೂ ಅದರ ಅರ್ಥವೂ ಬರುತ್ತದೆ. ಎಲೆಗಳ ನಡುವಿನಿಂದ ಸೋಸಿ ಬರುವ ಬಿಸಿಲು, ಗಾಳಿಗೆ ಅಲುಗುವ ಅದರ ನೆರಳು. ಎರಡು ಗಂಟೆ ಅವನು ತನ್ನ ಹಳೆಯ ಕ್ಯಾಮೆರಾ ಹಿಡಿದು ದಿನವೂ ಫೋಟೋ ತೆಗೆಯುತ್ತಿದ್ದುದು ಅದನ್ನೇ.